ಮೀಟಿದ ಮರುಗಳಿಗೆ

ಅಮ್ಮ ವೀಣೆ ನುಡಿಸಿ ಮುಗಿಸುವಾಗ ಕೊನೆಯ ಷಡ್ಜವನ್ನು ಮೀಟಿ, ಕೈಯನ್ನು ತಂತಿಯಿಂದ ತುಸು ಮೇಲಕ್ಕೆತ್ತಿ, ಹಾಗೇ ತಲೆ ತಗ್ಗಿಸಿ ಕೂತುಬಿಡುತ್ತಿದ್ದಳು. ಆ ನಾದ ಪೂರ್ತಿ ಅಡಗುವವರೆಗೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಅವಳು ಏಳುತ್ತಿರಲಿಲ್ಲ. ಕಾಲೇಜಿಗೆ ಸೇರಿದ ವರ್ಷ ನಾನೊಂದು ಗಿಟಾರ್ ತಂದೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಆರು ತಂತಿಗಳನ್ನೂ ಒಂದೊಂದಾಗಿ ಮೀಟಿದಳು. ಪ್ರತಿ ಸಲವೂ ಕೊನೆಯವರೆಗೆ ಕಾದು ಕೇಳಿಸಿಕೊಂಡಳು. ಆಮೇಲೆ ವಾಪಸು ಕೊಡುತ್ತಾ, “ಇದಕ್ಕೂ ನಮ್ಮ ವೀಣೆಯದೇ ಕಷ್ಟ ಕಣೋ. ಮೀಟಿದ ಕೂಡಲೇ ಸಾಯೋಕೆ ಶುರು” ಎಂದಳು.

ಅಂದಿನಿಂದ ಗಿಟಾರ್ ಬಗ್ಗೆ ಬಹಳಷ್ಟು ಓದಿದ್ದೇನೆ, ಅದಕ್ಕಿಂತ ಹೆಚ್ಚು ಕೇಳಿದ್ದೇನೆ. ಅಮ್ಮನ ಆ ಮಾತಿಗಿಂತ ಒಳ್ಳೆಯ ವಿವರಣೆ ಎಲ್ಲೂ ಸಿಕ್ಕಿಲ್ಲ. ಕೊಳಲಿಗೆ ಉಸಿರಿದೆ, ಪಿಟೀಲಿಗೆ ಕಮಾನಿದೆ, ಹಾರ್ಮೋನಿಯಂಗೆ ತಿದಿ ಇದೆ. ಸ್ವರವನ್ನು ಬೇಕಾದಷ್ಟು ಹೊತ್ತು ಹಿಡಿಯಬಹುದು, ಹಿಡಿದಂತೆಯೇ ಉಬ್ಬಿಸಲೂಬಹುದು. ಮೀಟುವ ವಾದ್ಯಕ್ಕೆ ಸಿಗುವುದು ಒಂದೇ ಏಟು. ಬೆರಳು ತಂತಿಗೆ ಕೊಟ್ಟ ಶಕ್ತಿಯನ್ನು ಕುದುರೆಯು ಮೇಲ್ಹಲಗೆಗೆ ದಾಟಿಸುತ್ತದೆ, ಹಲಗೆ ಅದನ್ನು ಗಾಳಿಗೆ ಕೊಟ್ಟುಬಿಡುತ್ತದೆ. ಹಲಗೆ ಎಷ್ಟು ಧಾರಾಳವಾಗಿ ಕೊಡುತ್ತದೋ ದನಿ ಅಷ್ಟು ದೊಡ್ಡದು, ಅಷ್ಟೇ ಬೇಗ ಬರಿದು. ಗಿಟಾರ್ ಕಟ್ಟುವವರ ಬದುಕೆಲ್ಲ ಈ ಜಮಾ-ಖರ್ಚಿನಲ್ಲೇ ಕಳೆಯುತ್ತದೆ.

ಹಾಡಿಲ್ಲದ ಗಿಟಾರ್ ಸಂಗೀತ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ಗೆಳೆಯರು ಕೇಳುತ್ತಿರುತ್ತಾರೆ. ಒಂದೊಂದು ಕೃತಿಯ ಹೆಸರು ಹೇಳುವಾಗಲೂ ಅದರ ಜೊತೆ ಒಂದು ಪ್ರಶ್ನೆಯನ್ನೂ ಕೊಟ್ಟು ಕಳಿಸುತ್ತೇನೆ: ನಂದಿಹೋಗುವ ಸ್ವರವನ್ನು ಇಲ್ಲಿ ಏನು ಮಾಡಿದ್ದಾರೆ, ನೋಡಿ.

ಮೊದಲ ಹೆಸರು ಯಾವಾಗಲೂ ಫ್ರಾನ್ಸಿಸ್ಕೊ ತಾರೆಗಾ. 1852ರಲ್ಲಿ ಸ್ಪೇನ್ ದೇಶದ ವಿಲ್ಯಾರಿಯಾಲ್‌ನಲ್ಲಿ ಹುಟ್ಟಿದ. ನಮ್ಮ ವೀಣೆ ಶೇಷಣ್ಣನವರು ಹುಟ್ಟಿದ್ದೂ ಅದೇ 1852ರಲ್ಲಿ. ಒಬ್ಬರು ಮೈಸೂರು ಅರಮನೆಯ ದರ್ಬಾರಿನಲ್ಲಿ, ಇನ್ನೊಬ್ಬ ಬಾರ್ಸಿಲೋನಾದ ಮನೆಗಳ ಪಡಸಾಲೆಯಲ್ಲಿ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇಲ್ಲದೆ, ಒಂದೇ ಕಷ್ಟದ ಜೊತೆ ಜೀವಮಾನವಿಡೀ ಗುದ್ದಾಡಿದರು ಎಂದು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ ಅವರಿಗೆ ಬಂದ ಮೈಸೂರು ಬಾನಿಯಲ್ಲಿ ಮೀಟಿಗೇ ಮರ್ಯಾದೆ ಹೆಚ್ಚು. ಪ್ರತಿ ಸ್ವರ ಬಿಡಿಬಿಡಿಯಾಗಿ, ಮುತ್ತು ಪೋಣಿಸಿದ ಹಾಗೆ ಬರುತ್ತದೆ. ತಾರೆಗಾ ಹಿಡಿದ ದಾರಿ ಬೇರೆ. ಸಾಯುವ ಮುಂಚೆಯೇ ಅದೇ ಸ್ವರವನ್ನು ಮತ್ತೆ ಮೀಟಿಬಿಟ್ಟರೆ? ಮತ್ತೆ, ಮತ್ತೆ?

‘ರೆಕುಎರ್ದೋಸ್ ದೆ ಲಾ ಆಲಾಂಬ್ರಾ’, ಅಂದರೆ ಆಲಾಂಬ್ರಾದ ನೆನಪುಗಳು, ಹುಟ್ಟಿದ್ದು ಹಾಗೆ. ಗ್ರನಾಡಾ ನಗರದ ಗುಡ್ಡದ ಮೇಲಿರುವ ಮೂರ್ ದೊರೆಗಳ ಅರಮನೆ ಆಲಾಂಬ್ರಾ. ಅದರ ಅಂಗಳಗಳ ತುಂಬ ಕಾರಂಜಿ, ಕಾಲುವೆ. ಈ ಕೃತಿಯಲ್ಲಿ ಬಲಗೈ ಹೆಬ್ಬೆರಳು ಕೆಳಸ್ಥಾಯಿಯ ತಂತಿಗಳ ಮೇಲೆ ನಿಧಾನವಾಗಿ ನಡೆಯುತ್ತದೆ. ಅದರ ಒಂದೊಂದು ಹೆಜ್ಜೆಯ ನಡುವೆಯೂ ಉಂಗುರಬೆರಳು, ನಡುಬೆರಳು, ತೋರುಬೆರಳು ಸಾಲಾಗಿ ಬಂದು ಮೇಲಿನ ತಂತಿಯ ಒಂದೇ ಸ್ವರವನ್ನು ಮೂರು ಸಲ ಮೀಟುತ್ತವೆ. ಇದಕ್ಕೆ ಟ್ರೆಮೊಲೊ ಎನ್ನುತ್ತಾರೆ. ಸೆಕೆಂಡಿಗೆ ಸುಮಾರು ಹತ್ತು ಮೀಟು. ನಾಲ್ಕೈದು ನಿಮಿಷದ ಕೃತಿ ಮುಗಿಯುವಷ್ಟರಲ್ಲಿ ಎರಡು ಸಾವಿರ ದಾಟುತ್ತದೆ. ಕಿವಿಗೆ ಬೀಳುವುದು ಮಾತ್ರ ಕಡಿಯದ ಒಂದು ಎಳೆ, ಅದರ ಮೈಮೇಲೆ ನೀರಿನ ಮೇಲಿನ ಬೆಳಕಿನಂಥ ಸಣ್ಣ ನಡುಕ. ಮೊದಲ ಭಾಗ ಮೈನರ್ ಸ್ವರಶ್ರೇಣಿಯಲ್ಲಿದೆ. ನಡುವೆ ಒಂದು ಕಡೆ ಅದು ಮೇಜರ್‌ಗೆ ತಿರುಗುತ್ತದೆ. ಕತ್ತಲ ಕೋಣೆಯ ಕಿಟಕಿ ತೆರೆದ ಹಾಗೆ ಆಗುವ ಆ ಕ್ಷಣವನ್ನು ಕಾದು ಕೇಳಿ. ಜಾನ್ ವಿಲಿಯಮ್ಸ್ ನುಡಿಸಿದ್ದು ಬಲು ಅಚ್ಚುಕಟ್ಟು. ಪೇಪೆ ರೊಮೆರೊ ನುಡಿಸಿದ್ದು ಇನ್ನಷ್ಟು ಬೆಚ್ಚಗಿದೆ. ನನ್ನ ಆಯ್ಕೆ ಅದೇ. ಅಮ್ಮನಿಗೆ ಮೊದಲ ಸಲ ಕೇಳಿಸಿದಾಗ ಅವಳು ನಡುವೆ ಕೈಯೆತ್ತಿ ನಿಲ್ಲಿಸಿ, “ಇಬ್ಬರು ನುಡಿಸ್ತಿದ್ದಾರಾ?” ಎಂದು ಕೇಳಿದ್ದಳು.

ತಾರೆಗಾನನ್ನು ನಮ್ಮಲ್ಲಿ ಕೇಳದವರೇ ಇಲ್ಲ. ನೋಕಿಯಾ ಫೋನು 1994ರಿಂದ ಹೊತ್ತು ತಂದ ಆ ರಿಂಗ್‌ಟೋನ್ ಅವನ ‘ಗ್ರಾನ್ ವಾಲ್ಸ್’ ಕೃತಿಯಿಂದ ಎತ್ತಿಕೊಂಡ ತುಣುಕು. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮಂಟಪದಲ್ಲಿ ವರ್ಷಗಟ್ಟಲೆ ಕೇಳಿದ್ದೇವೆ. ಇಡೀ ವಾಲ್ಸ್ ಮೂರ್ನಾಲ್ಕು ನಿಮಿಷದ್ದು. ಪರಿಚಿತ ಸಾಲು ನಡುವೆ ತಟ್ಟನೆ ಎದುರಾದಾಗ ಊರಿನ ಹಳೆಯ ನೆಂಟರು ಪರದೇಶದ ಬೀದಿಯಲ್ಲಿ ಸಿಕ್ಕಂತೆ ಅನ್ನಿಸುತ್ತದೆ.

ತಾರೆಗಾನ ಕೈಯಲ್ಲಿದ್ದ ಗಿಟಾರ್ ಆಂಟೋನಿಯೊ ದೆ ತೋರೆಸ್ 1864ರಲ್ಲಿ ಕಟ್ಟಿದ್ದು. ಅಲ್ಮೇರಿಯಾದ ಈ ಬಡಗಿ ಇಂದು ನಾವು ಕಾಣುವ ಕ್ಲಾಸಿಕಲ್ ಗಿಟಾರಿನ ಅಳತೆ, ಆಕಾರಗಳನ್ನು ನೆಲೆಗೊಳಿಸಿದವನು. ದನಿಯ ಮರ್ಮವೆಲ್ಲ ಮೇಲ್ಹಲಗೆಯಲ್ಲಿದೆ ಎಂದು ತೋರಿಸಲು 1862ರಲ್ಲಿ ಅವನು ಬೆನ್ನು, ಪಕ್ಕಗಳನ್ನೆಲ್ಲ ಕಾಗದದ ರಟ್ಟಿನಿಂದ ಮಾಡಿ ಒಂದು ಗಿಟಾರ್ ಕಟ್ಟಿದ. ಆದರೂ ಬೆನ್ನಿಗೆ, ಪಕ್ಕಗಳಿಗೆ ಗಟ್ಟಿಯಾದ ಕರಿಮರ ಹಾಕುವ ಆಸೆಯನ್ನು ಗಿಟಾರ್ ಕಟ್ಟುವವರು ಬಿಟ್ಟಿಲ್ಲ. ಬಹುಕಾಲ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಅದು ಸಿಗುವುದು ಕಷ್ಟವಾಗುತ್ತಾ ಬಂತು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿಸಿತು. 1992ರಲ್ಲಿ ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ನಿರ್ಬಂಧ ಬಿತ್ತು. ಭಾರತದ ರೋಸ್‌ವುಡ್ ಎಂದರೆ ನಮ್ಮ ಬೀಟೆ. ಪಶ್ಚಿಮಘಟ್ಟದ ಕಾಡಿನ ಬೀಟೆ, ಮೈಸೂರಿನ ಕುಸುರಿ ಕೆಲಸದವರು ದಂತದ ಬಣ್ಣದ ಹೂಬಳ್ಳಿ ಕೂರಿಸುವ ಅದೇ ಬೀಟೆ. ಯಾವುದೋ ದೇಶದ ಸಭಾಂಗಣದಲ್ಲಿ ಯಾರೋ ಗಿಟಾರ್ ಎದೆಗೊತ್ತಿಕೊಂಡಾಗ, ಆ ಎದೆಗೆ ತಾಗುವುದು ಎಷ್ಟೋ ಸಲ ನಮ್ಮ ಮರ.

‘ಆಸ್ತೂರಿಯಾಸ್’ ಮುಂದಿನದು. ಇಸಾಕ್ ಆಲ್ಬೆನಿಸ್ ಇದನ್ನು ಬರೆದದ್ದು ಪಿಯಾನೊಗಾಗಿ. ಅವನು 1909ರಲ್ಲಿ ತೀರಿಕೊಂಡ ಮೇಲೆ ಪ್ರಕಾಶಕರು ಅದಕ್ಕೆ ಸ್ಪೇನಿನ ಉತ್ತರದ ಒಂದು ಸೀಮೆಯ ಹೆಸರಿಟ್ಟರು, ಸಂಗೀತವೋ ಅಪ್ಪಟ ದಕ್ಷಿಣದ ಆಂಡಲೂಸಿಯಾದ್ದು. ಪಿಯಾನೊದಲ್ಲಿ ಗಿಟಾರನ್ನು ಅನುಕರಿಸಿ ಬರೆದ ಕೃತಿ ಕೊನೆಗೆ ಗಿಟಾರಿಗೇ ಬಂದು ಸೇರಿತು. ಆಂದ್ರೆಸ್ ಸೆಗೋವಿಯಾ ನುಡಿಸಿದ ಮೇಲಂತೂ ಅದು ಪಿಯಾನೊದ್ದು ಎಂಬುದೇ ಮರೆತುಹೋಯಿತು. ಗಿಟಾರ್ ತರಗತಿಗೆ ಸೇರಿದ ಹುಡುಗ ಹುಡುಗಿಯರೆಲ್ಲ ಮೊದಲು ಕಲಿಯುವ ‘ರೊಮಾನ್ಸ್’ ಕೂಡ ಒಮ್ಮೆ ಕೇಳಿ. ಅದನ್ನು ಯಾರು ರಚಿಸಿದರೆಂದು ಇಂದಿಗೂ ತೀರ್ಮಾನವಾಗಿಲ್ಲ.

ಒಂದೇ ಕೃತಿಗೆ ಸಮಯವಿದೆ ಎನ್ನುವವರಿಗೆ ಹೊಆಕಿನ್ ರೊದ್ರಿಗೊನ ‘ಕಾನ್ಸಿಯೆರ್ತೊ ದೆ ಅರಾನ್ಹುಯೆಸ್’. ಮೂರನೆಯ ವಯಸ್ಸಿನಲ್ಲಿ ಗಂಟಲಮಾರಿ ರೋಗದಿಂದ ಕಣ್ಣು ಕಳೆದುಕೊಂಡ ರೊದ್ರಿಗೊ ಗಿಟಾರ್ ವಾದಕನಲ್ಲ. ಬ್ರೈಲ್ ಲಿಪಿಯಲ್ಲಿ ಸಂಗೀತ ಬರೆಯುತ್ತಿದ್ದ. 1939ರಲ್ಲಿ ಪ್ಯಾರಿಸ್ಸಿನಲ್ಲಿ ಇದನ್ನು ಬರೆದ. ಮರುವರ್ಷ ನವೆಂಬರ್ 9ರಂದು ಬಾರ್ಸಿಲೋನಾದಲ್ಲಿ ಮೊದಲ ಪ್ರದರ್ಶನ. ಒಂದು ಗಿಟಾರಿನ ಎದುರು ಇಡೀ ಆರ್ಕೆಸ್ಟ್ರಾ ಕೂರಿಸುವುದೆಂದರೆ ದೀಪದ ಪಕ್ಕ ಬಿರುಗಾಳಿ ಕೂರಿಸಿದ ಹಾಗೆ. ರೊದ್ರಿಗೊ ಆರ್ಕೆಸ್ಟ್ರಾವನ್ನು ತೆಳ್ಳಗೆ ಬರೆದ. ಗಿಟಾರ್ ಮಾತಾಡುವಾಗ ಉಳಿದವರು ಪಿಸುಗುಡುತ್ತಾರೆ.

ಎರಡನೆಯ ಭಾಗವಾದ ಅಡಾಜಿಯೊದಲ್ಲಿ ಗಿಟಾರ್ ಶುರುವಿಗೆ ಮೆಲ್ಲಗೆ ಒಂದು ಸ್ವರಗುಚ್ಛವನ್ನು ಮೀಟುತ್ತಾ ಸುಮ್ಮನೆ ಜೊತೆಗಿರುತ್ತದೆ. ಇಂಗ್ಲಿಷ್ ಹಾರ್ನ್ ಎಂಬ ಊದುವಾದ್ಯ ರಾಗ ಎತ್ತುತ್ತದೆ. ಅದಕ್ಕೆ ಉಸಿರಿದೆ, ಹಾಗಾಗಿ ಉದ್ದದ ಸ್ವರಗಳನ್ನು ನೋವು ತುಂಬಿ ಹಿಡಿಯುತ್ತದೆ. ಆಮೇಲೆ ಅದೇ ಸಾಲು ಗಿಟಾರಿನ ಪಾಲಿಗೆ ಬರುತ್ತದೆ. ಗಿಟಾರಿಗೆ ಹಿಡಿಯಲು ಬರುವುದಿಲ್ಲವಲ್ಲ. ಸ್ವರದ ಸುತ್ತ ಚಿಕ್ಕ ಚಿಕ್ಕ ಸುಳಿ, ಕೊಂಕು, ಬಳುಕು ಹಾಕಿ ಅದೇ ದುಃಖವನ್ನು ಬೇರೆ ಭಾಷೆಯಲ್ಲಿ ಹೇಳುತ್ತದೆ. ವೀಣೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನುಸ್ವರ, ಗಮಕಗಳು ನಮ್ಮಲ್ಲೂ ಮಾಡುವ ಕೆಲಸದಲ್ಲಿ ಇದೂ ಒಂದು. ಉಸಿರಿರುವ ವಾದ್ಯ ಮತ್ತು ಉಸಿರಿಲ್ಲದ ವಾದ್ಯ ಎದುರುಬದುರು ಕೂತು ಒಂದೇ ಮಾತನ್ನು ಹಂಚಿಕೊಳ್ಳುವ ಇಂಥ ಗಳಿಗೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಕೃತಿ ಬರೆದ ವರ್ಷ ರೊದ್ರಿಗೊ ದಂಪತಿಯ ಮಗು ಗರ್ಭದಲ್ಲೇ ತೀರಿಕೊಂಡಿತ್ತು. ಅದನ್ನು ತಿಳಿದ ಮೇಲೆ ಗಿಟಾರ್ ಮೇಲಕ್ಕೇರುತ್ತಾ ತೆಳ್ಳಗಾಗಿ ಕರಗುವ ಕೊನೆಯ ಸಾಲನ್ನು ಕಣ್ಣು ತೇವವಾಗದೆ ಕೇಳಲು ನನ್ನಿಂದ ಆಗಿಲ್ಲ.

ಇದೇ ಕೃತಿಯನ್ನು ಪಾಕೊ ದೆ ಲೂಸಿಯಾ 1991ರಲ್ಲಿ ನುಡಿಸಿ ಧ್ವನಿಮುದ್ರಿಸಿದ. ಸ್ಪೇನಿನ ಫ್ಲಮೆಂಕೊ ಸಂಗೀತದ ಮನೆತನದವನು, ಸ್ವರಲಿಪಿ ಓದಲು ಬಾರದವನು, ಪೂರ್ತಿ ಬಾಯಿಪಾಠ ಮಾಡಿಕೊಂಡ. ತಾಳದ ಹಿಡಿತ ಅವನ ನುಡಿಸಾಣಿಕೆಯಲ್ಲಿ ಇರುವಷ್ಟು ಬಿಗಿಯಾಗಿ ಇನ್ಯಾರಲ್ಲೂ ಇಲ್ಲ. ಫ್ಲಮೆಂಕೊದವರಿಗೆ ಸ್ವರ ಸಾಯುತ್ತದೆಂಬ ಚಿಂತೆಯೇ ಇಲ್ಲ, ಬೇಗ ಸಾಯಲಿ ಎಂದೇ ಅವರ ಆಸೆ. ಸೈಪ್ರೆಸ್ ಮರದ ಹಗುರ ಮೈ, ಹಲಗೆಗೆ ತೀರ ಸಮೀಪದ ತಂತಿ. ಮೀಟಿದರೆ ಚಟ್ಟನೆ ಸಿಡಿದು ಆರುವ ಒಣ ದನಿ. ಕುಣಿಯುವವರ ಹಿಮ್ಮಡಿಗೂ ಚಪ್ಪಾಳೆಗೂ ನಡುವೆ ಜಾಗ ಬೇಕಲ್ಲ. 1973ರ ‘ಎಂತ್ರೆ ದೋಸ್ ಅಗ್ವಾಸ್’ ಕೇಳಿ. ಎರಡು ನೀರುಗಳ ನಡುವೆ ಎಂದು ಅದರ ಅರ್ಥ. ಪಾಕೊನ ಹುಟ್ಟೂರು ಆಲ್ಹೆಸಿರಾಸ್ ಇರುವುದು ಮೆಡಿಟರೇನಿಯನ್ ಮತ್ತು ಅಟ್ಲಾಂಟಿಕ್ ಸೇರುವ ಕಡೆ. ಆಮೇಲೆ ಜಾನ್ ಮೆಕ್‌ಲಾಫ್ಲಿನ್, ಅಲ್ ಡಿ ಮಿಯೊಲಾ ಜೊತೆ ಅವನು 1980ರ ಡಿಸೆಂಬರ್ 5ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನುಡಿಸಿದ ಕಛೇರಿಯ ಧ್ವನಿಮುದ್ರಿಕೆ. ವೇಗ ನೋಡಿ ಬೆರಗಾಗುವುದು ಸಹಜ. ಎರಡನೇ ಸಲ ಕೇಳುವಾಗ ಅವರು ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುವುದನ್ನು ಗಮನಿಸಿ.

ಕರೆಂಟು ಬಂದ ಮೇಲೆ ಈ ಕಥೆಯೇ ತಿರುಗಿತು. 1939ರಲ್ಲಿ ಬೆನ್ನಿ ಗುಡ್‌ಮನ್‌ನ ಜಾಝ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಲೆಕ್ಟ್ರಿಕ್ ಗಿಟಾರಿನಲ್ಲಿ ಸ್ಯಾಕ್ಸೋಫೋನಿನಷ್ಟು ಉದ್ದದ ಸಾಲು ನುಡಿಸಿದ. ಬದುಕಿದ್ದು ಇಪ್ಪತ್ತೈದೇ ವರ್ಷ. ರಾಕ್ ಗಿಟಾರಿನ ಗದ್ದಲಕ್ಕೆ ಹೆದರಿ ದೂರ ಉಳಿದವರಿಗೆ ನಾನು ಕೊಡುವುದು ಜೆಫ್ ಬೆಕ್ 1975ರಲ್ಲಿ ನುಡಿಸಿದ ‘ಕಾಸ್ ವೀವ್ ಎಂಡೆಡ್ ಆಸ್ ಲವರ್ಸ್’. ರಚನೆ ಸ್ಟೀವಿ ವಂಡರ್‌ನದು. ಮೀಟುವಾಗ ದನಿಯ ಗುಂಡಿಯನ್ನು ಪೂರ್ತಿ ಇಳಿಸಿ, ಮೀಟಿದ ಮೇಲೆ ಕಿರುಬೆರಳಿನಿಂದ ಮೆಲ್ಲಗೆ ಏರಿಸುತ್ತಾನೆ. ಏಟಿನ ಸದ್ದೇ ಕೇಳುವುದಿಲ್ಲ. ಸ್ವರ ಎಲ್ಲಿಂದಲೋ ತಾನಾಗಿ ಮೂಡಿ ಬಂದಂತೆ ಬರುತ್ತದೆ. ಉಳಿದವರೆಲ್ಲ ಸ್ವರದ ಸಾವನ್ನು ಮುಂದೂಡಲು ನೋಡಿದರೆ ಇವನು ಅದರ ಹುಟ್ಟನ್ನೇ ಬಚ್ಚಿಟ್ಟ.

ನಮ್ಮ ದೇಶ ಗಿಟಾರಿಗೆ ಕೊಟ್ಟ ಉತ್ತರ ಇವೆಲ್ಲಕ್ಕಿಂತ ನನಗೆ ಆಪ್ತ. ಅದರ ಬೇರು ಹವಾಯಿ ದ್ವೀಪದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಜೋಸೆಫ್ ಕೆಕುಕು ಎಂಬ ಹುಡುಗ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸಿದ. ಬೆರಳು ಒತ್ತುವ ಮನೆಗಳ ಹಂಗು ತಪ್ಪಿತು, ಸ್ವರದಿಂದ ಸ್ವರಕ್ಕೆ ಜಾರುವುದು ಸಾಧ್ಯವಾಯಿತು. ಆ ವಾದನ ಹಡಗು ಹತ್ತಿ ಲೋಕ ಸುತ್ತಿತು. ಹವಾಯಿ ಸಂಗೀತದ ಟಾವ್ ಮೋ ಕುಟುಂಬ 1940ರ ದಶಕದಲ್ಲಿ ಕೋಲ್ಕತ್ತದಲ್ಲಿ ನೆಲೆಸಿತ್ತು. ಹಿಂದಿ, ಬಂಗಾಳಿ ಹಾಡುಗಳಲ್ಲಿ ಹವಾಯಿಯನ್ ಗಿಟಾರ್ ಕೇಳಿಸತೊಡಗಿತು. ಗೋಟುವಾದ್ಯ, ವಿಚಿತ್ರವೀಣೆಗಳಲ್ಲಿ ತಂತಿಯ ಮೇಲೆ ಜಾರಿಸುವುದನ್ನು ಮೊದಲೇ ಬಲ್ಲ ನಮ್ಮ ಕಿವಿಗೆ ಅದು ಹೊಸದೆನಿಸಲಿಲ್ಲ.

ಅದನ್ನು ರಾಗಕ್ಕೆ ಒಗ್ಗಿಸಿದವರು ಜೋಧ್‌ಪುರದ ಬ್ರಿಜ್ ಭೂಷಣ್ ಕಾಬ್ರಾ. ಸರೋದ್ ಮಾಂತ್ರಿಕ ಅಲಿ ಅಕ್ಬರ್ ಖಾನರ ಶಿಷ್ಯರು. 1967ರ ‘ಕಾಲ್ ಆಫ್ ದ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಕಾಬ್ರಾ ಅವರ ಗಿಟಾರ್ ಸೇರಿ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಹೇಳುತ್ತವೆ. ಸಾಮಾನ್ಯವಾಗಿ ಎಲ್ಲರೂ ಕೊಳಲನ್ನು ನೆನೆಯುತ್ತಾರೆ. ನೀವು ಒಂದು ಸಲ ಗಿಟಾರನ್ನಷ್ಟೇ ಹಿಂಬಾಲಿಸಿ. ಸಂತೂರಿನ ಪ್ರತಿ ಪೆಟ್ಟೂ ಹನಿ ಸಿಡಿದಂತೆ. ಕೊಳಲು ಹರಿಯುವ ಹೊಳೆ. ಗಿಟಾರ್ ಎರಡರ ನಡುವಿನದು, ಹನಿಯಾಗಿ ಬಿದ್ದು ಹೊಳೆಯಾಗಿ ಹರಿಯುತ್ತದೆ. ಒಂದೇ ಮೀಟು ಕೊಟ್ಟು ಅದು ಆರುವುದರೊಳಗೆ ಐದಾರು ಸ್ವರಗಳನ್ನು ಸವರಿ ಬರುವಾಗ, ಸಾಯುವ ಸ್ವರ ಸಾಯುವ ಮುಂಚೆ ಒಂದಿಡೀ ವಾಕ್ಯ ಆಡಿ ಮುಗಿಸುತ್ತದೆ.

ಕಾಬ್ರಾ ಹಾಕಿದ ದಾರಿಯಲ್ಲಿ ಇನ್ನೂ ಮುಂದೆ ಹೋದವರು ಜೈಪುರದ ವಿಶ್ವಮೋಹನ್ ಭಟ್. ಅವರ ಮೋಹನವೀಣೆಗೆ ಇಪ್ಪತ್ತು ತಂತಿ, ಅದರಲ್ಲಿ ಹನ್ನೆರಡು ತರಬಿನವು. ಅವುಗಳನ್ನು ಯಾರೂ ಮೀಟುವುದಿಲ್ಲ. ಮೇಲಿನ ತಂತಿ ಮಿಡಿದಾಗ ತಮ್ಮ ಸ್ವರ ಬಂತೆಂದು ತಾವೇ ಮಿಡಿಯುತ್ತವೆ, ಮೇಲಿನದು ಸುಮ್ಮನಾದ ಮೇಲೂ ಒಂದಿಷ್ಟು ಹೊತ್ತು ಗುನುಗುತ್ತವೆ. 1992ರಲ್ಲಿ ಅಮೆರಿಕದ ರೈ ಕೂಡರ್ ಜೊತೆ ಅವರು ಕ್ಯಾಲಿಫೋರ್ನಿಯಾದ ಒಂದು ಪ್ರಾರ್ಥನಾಮಂದಿರದಲ್ಲಿ ಕೂತು ‘ಎ ಮೀಟಿಂಗ್ ಬೈ ದ ರಿವರ್’ ನುಡಿಸಿದರು. ಇಬ್ಬರೂ ಮುಖ ನೋಡಿಕೊಂಡು ಒಂದು ತಾಸೂ ಆಗಿರಲಿಲ್ಲ. ಸುಖವಿಂದರ್ ಸಿಂಗ್ ನಾಮಧಾರಿ ತಬಲಾದಲ್ಲಿ, ಕೂಡರ್‌ನ ಹದಿನಾಲ್ಕು ವರ್ಷದ ಮಗ ಇನ್ನೊಂದು ತಾಳವಾದ್ಯದಲ್ಲಿ. 1994ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ನಾಲ್ಕೇ ತುಣುಕು, ನಾಲ್ಕನೆಯದಾದ ‘ಈಸಾ ಲೇ’ ಫಿಜಿ ದ್ವೀಪದವರು ಬೀಳ್ಕೊಡುವಾಗ ಹಾಡುವ ಹಾಡಿನ ಧಾಟಿ. ಇಬ್ಬರೂ ಅದನ್ನು ಎಷ್ಟು ಅವಸರವಿಲ್ಲದೆ ನುಡಿಸುತ್ತಾರೆಂದರೆ ಹೊಸಿಲ ಬಳಿ ನಿಂತು ಹೊರಡಲಾರದೆ ಮಾತು ಬೆಳೆಸುವ ನೆಂಟರ ನೆನಪಾಗುತ್ತದೆ. ಬೆಂಗಳೂರಿನಲ್ಲೇ ಹಿಂದೂಸ್ತಾನಿ ಸ್ಲೈಡ್ ಗಿಟಾರ್ ಕೇಳಬೇಕೆಂದರೆ ಪ್ರಕಾಶ್ ಸೊಂಟಕ್ಕೆ ಅವರಿದ್ದಾರೆ.

ಕರ್ನಾಟಕ ಸಂಗೀತಕ್ಕೆ ಬಂದರೆ ಇನ್ನೊಂದು ದಾರಿ ಕಾಣುತ್ತದೆ. ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತವರು. ವೀಣೆಯಲ್ಲಿ ಮೆಟ್ಟಿಲುಗಳು ಎತ್ತರಕ್ಕೆ ನಿಂತಿರುವುದರಿಂದ ತಂತಿಯನ್ನು ಎಳೆದು ಗಮಕ ತರಬಹುದು. ಗಿಟಾರಿನಲ್ಲಿ ಮೆಟ್ಟಿಲುಗಳ ಕೆಳಗಿನ ಹಲಗೆ ಬೆರಳಿಗೆ ಅಡ್ಡ ಬರುತ್ತದೆ. ‘ಶಕ್ತಿ’ ಎಂಬ ತಮ್ಮ ತಂಡಕ್ಕಾಗಿ ಅವರು ಮೆಟ್ಟಿಲುಗಳ ನಡುವಿನ ಹಲಗೆಯನ್ನು ಬಾವಿಯಂತೆ ತೋಡಿಸಿದ, ಅಡ್ಡಲಾಗಿ ಏಳು ಶ್ರುತಿತಂತಿ ಹಾಯ್ದ ಗಿಟಾರ್ ಮಾಡಿಸಿಕೊಂಡರು. ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನ್ ಅವರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟದ ಜೊತೆ 1976ರಲ್ಲಿ ಬಂದ ಆ ತಂಡದ ಮೊದಲ ಧ್ವನಿಮುದ್ರಿಕೆಯಲ್ಲಿ ‘ಲೋಟಸ್ ಫೀಟ್’ ಎಂಬ ಸಣ್ಣ, ನಿಧಾನದ ತುಣುಕಿದೆ. ಉಳಿದ ಮಿಂಚುಗಳಿಗೆ ಮೊದಲು ಅದನ್ನು ಕೇಳಿ. ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನಲ್ಲೇ ಕೃತಿ, ಆಲಾಪನೆಗಳನ್ನು ಗಮಕಕ್ಕೆ ಕುಂದಿಲ್ಲದಂತೆ ನುಡಿಸುವ ಆರ್. ಪ್ರಸನ್ನ ಅವರನ್ನೂ ಬಿಡಬೇಡಿ.

ಸಿನಿಮಾ ಹಾಡಿನ ಗಿಟಾರಿನ ಬಗ್ಗೆ ಬೇರೆಯದೇ ಲೇಖನ ಬರೆಯಬೇಕು. ಒಂದು ಮಾತು ಮಾತ್ರ: ಇಳಯರಾಜ ಅವರು ಸಂಗೀತ ನಿರ್ದೇಶಕರಾಗುವ ಮುನ್ನ ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ, ಗಿಟಾರ್ ವಾದಕರಾಗಿ ದುಡಿದವರು. ಜಿ.ಕೆ.ವಿ. ಅವರ ಆ ಕಾಲದ ಕನ್ನಡ ಹಾಡುಗಳಲ್ಲಿ ಹಿಂದೆ ಕೇಳುವ ಗಿಟಾರ್ ಯಾರದಿರಬಹುದು ಎಂದು ಯೋಚಿಸುತ್ತಾ ಒಮ್ಮೆ ಕೇಳಿ ನೋಡಿ.

ಕೊನೆಗೊಂದು ಕೃತಿ ಉಳಿಸಿಕೊಂಡಿದ್ದೇನೆ. ಪರಾಗ್ವೆ ದೇಶದ ಆಗುಸ್ತಿನ್ ಬಾರಿಯೋಸ್ ದೊಡ್ಡ ವಾದಕ, ಅದಕ್ಕಿಂತ ದೊಡ್ಡ ಸಂಗೀತ ರಚನೆಕಾರ. ಬದುಕಿನ ಬಹುಪಾಲು ಲ್ಯಾಟಿನ್ ಅಮೆರಿಕದ ಊರೂರು ಅಲೆದ. ಸತ್ತ ಮೇಲೆ ದಶಕಗಳ ಕಾಲ ಹೊರಜಗತ್ತು ಅವನನ್ನು ಮರೆತೇ ಇತ್ತು. 1977ರಲ್ಲಿ ಜಾನ್ ವಿಲಿಯಮ್ಸ್ ಅವನ ಕೃತಿಗಳಷ್ಟನ್ನೇ ನುಡಿಸಿ ಒಂದು ಧ್ವನಿಮುದ್ರಿಕೆ ತಂದ ಮೇಲೆ ಲೋಕದ ಕಣ್ಣು ತೆರೆಯಿತು. ‘ಲಾ ಕಾತೆದ್ರಾಲ್’ ಎಲ್ಲರಿಗೂ ಗೊತ್ತಿರುವುದು, ಅದನ್ನು ತಪ್ಪದೆ ಕೇಳಿ. ನಾನು ಹೇಳುತ್ತಿರುವುದು 1944ರಲ್ಲಿ, ಎಲ್ ಸಾಲ್ವಡಾರ್‌ನಲ್ಲಿ, ಸಾಯುವುದಕ್ಕೆ ಸ್ವಲ್ಪ ಮುಂಚೆ ಅವನು ಬರೆದ ಕೊನೆಯ ಕೃತಿಯ ಬಗ್ಗೆ. ‘ಊನಾ ಲಿಮೋಸ್ನಾ ಪೋರ್ ಎಲ್ ಅಮೋರ್ ದೆ ದಿಯೋಸ್’: ದೇವರ ಹೆಸರಲ್ಲಿ ಒಂದು ಭಿಕ್ಷೆ. ಬಾಗಿಲು ತಟ್ಟಿ ಬೇಡಿದ ಮುದುಕಿಯೊಬ್ಬಳಿಂದ ಅದು ಹುಟ್ಟಿತೆಂದು ಹೇಳುತ್ತಾರೆ. ಮೇಲಿನ ತಂತಿಯಲ್ಲಿ ತಾರೆಗಾನದೇ ಟ್ರೆಮೊಲೊ, ಕಡಿಯದ ಎಳೆ. ಕೆಳಗಿನ ತಂತಿಯಲ್ಲಿ ಬಾಗಿಲು ಬಡಿಯುವ ಸದ್ದು, ಒಂದೇ ಸಮನೆ, ಜೋರಿಲ್ಲದೆ, ಬಿಡದೆ. ಒಳಗಿನವರಿಗೆ ಕೇಳಿಸಲೇಬೇಕೆಂಬ ಹಟ ಅದರಲ್ಲಿಲ್ಲ; ಹೋಗುವ ಮನಸ್ಸೂ ಇಲ್ಲ. ಮೂರೂವರೆ ನಾಲ್ಕು ನಿಮಿಷದ ಕೊನೆಗೆ ಒಂದು ಶಾಂತ ಸ್ವರಗುಚ್ಛ.

ಇದನ್ನು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ ಕೇಳಿ. ಕೇಳುವ ಮುಂಚೆ ಫೋನಿನಲ್ಲಿ ಆಟೊಪ್ಲೇ ನಿಲ್ಲಿಸಿ. ಕೊನೆಯ ಮೀಟು ಪೂರ್ತಿ ಅಡಗುವ ಮುನ್ನ ಇನ್ನೊಂದು ಹಾಡು ಶುರುವಾಗಬಾರದು.